ತಲೆಗೆ ಏಟು ಬಿದ್ರೆ ಕಣ್ಣಿಗೆ ಯಾಕೆ ಸ್ಕ್ಯಾನಿಂಗು?

ಐಸಿಯು ಹೊರಗೆ ಕೂತಿರೋ ಮನೆಯವರು ನನ್ನನ್ನ ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಬೈಕಿಂದ ಬಿದ್ದು ತಲೆಗೆ ಏಟಾಗಿ ಬಂದಿರೋ ಹುಡುಗ, ಪ್ರಜ್ಞೆ ಇಲ್ಲ, ಬಾಯಲ್ಲಿ ಪೈಪು, ವೆಂಟಿಲೇಟರ್ ಮೇಲಿದಾನೆ, ವಿಸಿಟಿಂಗ್ ಟೈಮಲ್ಲಿ ಒಳಗೆ ಬಂದ ಅವರಣ್ಣ ನೋಡಿದ್ರೆ ನಾನು ಹುಡುಗನ ಮುಚ್ಚಿದ ರೆಪ್ಪೆ ಮೇಲೆ ಜೆಲ್ ಹಾಕಿ ಸ್ಕ್ಯಾನಿಂಗ್ ಮಷೀನಿನ ಪ್ರೋಬ್ ಹಿಡ್ಕೊಂಡು ನಿಂತಿರ್ತೀನಿ. "ಏಟು ಬಿದ್ದಿರೋದು ತಲೆಗೆ ಅಲ್ವಾ ಸಾರ್, ಕಣ್ಣಿಗೂ ಏನಾದ್ರೂ ಆಗಿದ್ಯಾ?" ಅಂತ ಕೇಳ್ತಾನೆ, ಮುಖದಲ್ಲಿ ಗಾಬರಿ. ಕಣ್ಣಿಗೆ ಏನೂ ಆಗಿಲ್ಲಪ್ಪ, ಕಣ್ಣಿನ ಹಿಂದೆ ನೋಡಿ ತಲೆ ಒಳಗಿನ ಪ್ರೆಶರ್ ಎಷ್ಟಿರಬಹುದು ಅಂತ ಅಂದಾಜು ಮಾಡ್ತಿದೀನಿ ಅಂತೀನಿ. ಆ ಎರಡು ನಿಮಿಷದಲ್ಲಿ ಅಷ್ಟೇ ಹೇಳೋಕಾಗೋದು, ಪೂರ್ತಿ ವಿಷಯ ಇಲ್ಲಿ ಬರೀತಿದೀನಿ.

ಬುರುಡೆಯಿಂದಲೇ ಶುರು ಮಾಡ್ಬೇಕು. ದೊಡ್ಡವರ ತಲೆಬುರುಡೆ ಅಂದ್ರೆ ತೆಂಗಿನ ಚಿಪ್ಪು ಇದ್ದ ಹಾಗೆ, ಒಳಗೆ ಎಷ್ಟು ಜಾಗ ಇದೆಯೋ ಅಷ್ಟೇ, ಚೂರೂ ಹಿಗ್ಗಲ್ಲ. ಒಳಗಿರೋದು ಮೂರು ವಸ್ತು. ಸುಮಾರು 80 ಪರ್ಸೆಂಟ್ ಮೆದುಳು, ಉಳಿದಿದ್ರಲ್ಲಿ ಹೆಚ್ಚುಕಮ್ಮಿ ಅರ್ಧ ರಕ್ತ, ಇನ್ನರ್ಧ ಮೆದುಳನ್ನ ತೇಲಿಸಿ ಇಟ್ಕೊಂಡಿರೋ ತಿಳಿ ನೀರು. ಆ ನೀರಿಗೆ ನಾವು ಸಿಎಸ್‌ಎಫ್ ಅಂತೀವಿ, ತಲೆ ಬೆನ್ನು ಎಲ್ಲಾ ಸೇರಿ ಒಂದು ಹೊತ್ತಿಗೆ 150 ಎಂಎಲ್ ಇರಬಹುದು ಅಷ್ಟೇ, ಆದ್ರೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟಿ ಅಷ್ಟೇ ನೀರು ವಾಪಸ್ ರಕ್ತಕ್ಕೆ ಸೇರ್ಕೊಳ್ತಾ ಇರತ್ತೆ. ಜಾಗ ಫಿಕ್ಸ್ ಆಗಿರೋದ್ರಿಂದ ಮೂರರಲ್ಲಿ ಒಂದು ಜಾಸ್ತಿ ಆದ್ರೆ ಉಳಿದೆರಡು ಜಾಗ ಬಿಡಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಜಾರ್ಜ್ ಕೆಲ್ಲಿ 1824ರಲ್ಲಿ ಈ ಲೆಕ್ಕ ಹೇಳಿದ್ರು, ಇವತ್ತಿಗೂ ಮೆಡಿಕಲ್ ಓದೋರಿಗೆ ಇವರಿಬ್ಬರ ಹೆಸರಲ್ಲೇ ಪಾಠ.

ತಲೆ ಒಳಗೆ ರಕ್ತ ಸೋರಿ ಹೆಪ್ಪುಗಟ್ತಾ ಇದೆ ಅಂತಿಟ್ಕೊಳಿ. ಮೊದಮೊದಲು ಆ ನೀರು ಬೆನ್ನಿನ ಕಡೆ ಸರಿದು ಜಾಗ ಬಿಡತ್ತೆ, ರಕ್ತನಾಳದಲ್ಲಿರೋ ಕೆಟ್ಟ ರಕ್ತ ಹೊರಗೆ ಹೋಗತ್ತೆ, ಪ್ರೆಶರ್ ಏರೋದೇ ಇಲ್ಲ, ಪೇಷಂಟ್ ಮಾತಾಡ್ತಾ ಇರ್ತಾನೆ. ಸರಿಯೋಕೆ ಇದ್ದ ಜಾಗ ಎಲ್ಲಾ ಮುಗಿದ ಮೇಲೆ ಇನ್ನೊಂದಿಷ್ಟು ಎಂಎಲ್ ಸೇರಿದ್ರೂ ಸಾಕು, ಪ್ರೆಶರ್ ಒಂದೇ ಸಲಕ್ಕೆ ಮೇಲಕ್ಕೆ ಹೋಗತ್ತೆ. "ಸಾಯಂಕಾಲ ಚೆನ್ನಾಗಿ ಮಾತಾಡ್ತಿದ್ದ, ಟೀ ಕುಡಿದ, ರಾತ್ರಿ ನೋಡಿದ್ರೆ ಹೀಗೆ" ಅಂತ ಮನೆಯವರು ಅಳ್ತಾರಲ್ಲ, ಅನೇಕ ಸಲ ನಡೆದಿರೋದು ಇದೇ. ಅವರು ಯಾವ ತಪ್ಪೂ ಮಾಡಿರಲ್ಲ, ಹೊರಗಡೆಯಿಂದ ಕಾಣೋ ಥರದ್ದೇನೂ ಆ ಹೊತ್ತಲ್ಲಿ ಇರ್ಲೇ ಇಲ್ಲ.

ಮಲಗಿರೋ ದೊಡ್ಡವರಲ್ಲಿ ಈ ಪ್ರೆಶರ್ 15ರ ಒಳಗೆ ಇರತ್ತೆ, ಬಿಪಿ ಅಳೆಯೋ ಅದೇ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ. ತಲೆಗೆ ಜೋರಾಗಿ ಪೆಟ್ಟಾದವರಲ್ಲಿ 22 ದಾಟಿದ್ರೆ ಚಿಕಿತ್ಸೆ ಶುರು ಮಾಡಿ ಅನ್ನತ್ತೆ 2016ರ ಅಮೆರಿಕದ ಗೈಡ್‌ಲೈನು. ಯಾಕೆ ಅಂದ್ರೆ ಹೃದಯ ರಕ್ತವನ್ನ ಮೇಲಕ್ಕೆ ತಳ್ಳತ್ತೆ, ತಲೆ ಒಳಗಿನ ಪ್ರೆಶರ್ ಅದಕ್ಕೆ ಎದುರು ನಿಲ್ಲತ್ತೆ, ಸರಾಸರಿ ಬಿಪಿ 80 ಇದ್ದು ಒಳಗೆ 10 ಇದ್ರೆ ಮೆದುಳಿಗೆ ರಕ್ತ ನೂಕೋ ಬಲ 70, ಒಳಗಿನದ್ದು 35 ಆಗ್ಬಿಟ್ರೆ ಅದು 45ಕ್ಕೆ ಇಳಿಯತ್ತೆ, 60ಕ್ಕಿಂತ ಕೆಳಗೆ ಹೋಗೋಕೆ ಬಿಡಬಾರದು ಅಂತ ನಾವು ಒದ್ದಾಡೋದು. ರಕ್ತ ಸಾಲದೆ ಮೆದುಳು ಊದ್ಕೊಳ್ಳತ್ತೆ, ಊದ್ಕೊಂಡ್ರೆ ಪ್ರೆಶರ್ ಇನ್ನೂ ಜಾಸ್ತಿ ಆಗತ್ತೆ, ಕೊನೆಗೆ ಮೆದುಳಿಗೆ ಸರಿಯೋಕೆ ಇರೋ ದೊಡ್ಡ ದಾರಿ ಅಂದ್ರೆ ಬುರುಡೆ ಕೆಳಗಿನ ರಂಧ್ರ, ಉಸಿರಾಟ ನಡೆಸೋ ಭಾಗ ಇರೋದೂ ಅಲ್ಲೇ.

ಹಾಗಾದ್ರೆ ನೇರವಾಗಿ ಅಳೆಯಬಾರದಾ ಅಂತ ಕೇಳಿದ್ರೆ, ಅಳೀತಾರೆ, ಅದೇ ಪಕ್ಕಾ ವಿಧಾನ. ಬುರುಡೆಗೆ ಸಣ್ಣ ತೂತು ಕೊರೆದು ಮೆದುಳಿನ ನೀರಿನ ಕೋಣೆ ತನಕ ಟ್ಯೂಬ್ ಹಾಕ್ತಾರೆ, ಪ್ರೆಶರೂ ಗೊತ್ತಾಗತ್ತೆ, ಜಾಸ್ತಿ ಇದ್ರೆ ನೀರನ್ನ ಹೊರಗೂ ಬಿಡಬಹುದು. ಆದ್ರೆ ಅದಕ್ಕೆ ನ್ಯೂರೋಸರ್ಜನ್ ಬೇಕು, ಇನ್ಫೆಕ್ಷನ್ ಆಗಬಹುದು, ರಕ್ತ ಸೋರಬಹುದು, ಲಿವರ್ ಫೇಲ್ ಆಗಿ ರಕ್ತ ಹೆಪ್ಪುಗಟ್ಟದೇ ಇರೋರಿಗೆ ತೂತು ಕೊರೆಯೋದೇ ದೊಡ್ಡ ರಿಸ್ಕು. ಬೆನ್ನಿಂದ ನೀರು ತೆಗೆದು ಪ್ರೆಶರ್ ನೋಡಬಹುದು, ಆದ್ರೆ ತಲೆ ಒಳಗೆ ದೊಡ್ಡ ಗಡ್ಡೆನೋ ಹೆಪ್ಪೋ ಇದ್ದಾಗ ಕೆಳಗಿಂದ ನೀರು ತೆಗೆದ್ರೆ ಮೆದುಳು ಕೆಳಕ್ಕೆ ಜಾರೋ ಅಪಾಯ ಇದೆ. ಸಿಟಿ ಸ್ಕ್ಯಾನ್ ಬೇಕೇ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ, ಎಲ್ಲಿ ರಕ್ತ ನಿಂತಿದೆ ಅನ್ನೋದು ಅದ್ರಲ್ಲೇ ಗೊತ್ತಾಗೋದು. ಆದ್ರೆ ಅದು ಆ ಗಳಿಗೆಯ ಒಂದು ಫೋಟೋ, ನಾಲ್ಕು ಗಂಟೆ ಬಿಟ್ಟು ಏನಾಯ್ತು ಅಂತ ಹೇಳಲ್ಲ, ಮತ್ತೆ ಮಾಡ್ಬೇಕು ಅಂದ್ರೆ ವೆಂಟಿಲೇಟರ್ ಸಮೇತ ಪೇಷಂಟನ್ನ ಎತ್ಕೊಂಡು ಹೋಗ್ಬೇಕು, ಹಾದಿಯಲ್ಲೇ ಪ್ರೆಶರ್ ಏರೋದುಂಟು.

ಉಳಿದ ಲಕ್ಷಣಗಳೆಲ್ಲ ತಡವಾಗಿ ಬರೋವೇ. ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಬಿಪಿ ಏರಿ ನಾಡಿ ನಿಧಾನ ಆಗಿ ಉಸಿರು ತಾಳ ತಪ್ಪೋದು, ಇವು ಕಾಣೋ ಹೊತ್ತಿಗೆ ಮೆದುಳು ಆಗ್ಲೇ ಜಾರೋಕೆ ಶುರುವಾಗಿರತ್ತೆ. ಕಣ್ಣಿನ ಒಳಭಾಗ ನೋಡೋಕೆ ಅಂತಾನೇ ಇರೋ ಉಪಕರಣದಿಂದ ಬೆಳಕು ಹಾಯಿಸಿ ನೋಡಿದ್ರೆ ನರದ ತುದಿ ಊದಿರೋದು ಕಾಣತ್ತೆ ನಿಜ, ಆದ್ರೆ ಆ ಊತ ಬರೋಕೆ ಎಷ್ಟೋ ಗಂಟೆ, ಕೆಲವರಲ್ಲಿ ದಿನಗಳೇ ಹಿಡಿಯತ್ತೆ. ಎಳೆ ಮಕ್ಕಳಲ್ಲಿ ಮಾತ್ರ ಪ್ರಕೃತಿನೇ ಒಂದು ಕಿಟಕಿ ಬಿಟ್ಟಿದೆ, ನೆತ್ತಿ. ಅಜ್ಜಿಯಂದಿರು ಎಣ್ಣೆ ಒತ್ತುವಾಗ ಬೆರಳಿಗೆ ಮೆತ್ತಗೆ ಸಿಗೋ ಜಾಗ ಅದು, ನೀರು ಕಮ್ಮಿಯಾದ್ರೆ ಕುಸಿಯತ್ತೆ, ಒಳಗೆ ಪ್ರೆಶರ್ ಜಾಸ್ತಿಯಾದ್ರೆ ಉಬ್ಬಿ ಬಿಗಿಯಾಗತ್ತೆ, ಮಗು ಅಳದೇ ಸುಮ್ನೆ ಕೂತಿದ್ದಾಗ್ಲೂ ನೆತ್ತಿ ಉಬ್ಬಿದೆ ಅಂದ್ರೆ ತಡ ಮಾಡದೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೆತ್ತಿ ಮುಚ್ಕೊಂಡ ಮೇಲೆ ಆ ಕಿಟಕಿ ಇಲ್ಲ.

ಇನ್ನೊಂದು ಕಿಟಕಿ ಉಳಿದಿರೋದು ಕಣ್ಣಿನ ಹಿಂದೆ. ಕಣ್ಣಿನಿಂದ ಮೆದುಳಿಗೆ ಹೋಗೋ ಆಪ್ಟಿಕ್ ನರ್ವ್ ಇದೆಯಲ್ಲ, ಅದು ಕೈಕಾಲಿಗೆ ಹೋಗೋ ನರಗಳ ಥರ ಅಲ್ವೇ ಅಲ್ಲ, ಮೆದುಳಿನದ್ದೇ ಒಂದು ಭಾಗ ಮುಂದಕ್ಕೆ ಚಾಚ್ಕೊಂಡು ಬಂದಿರೋದು. ಹಾಗಾಗಿ ಮೆದುಳಿಗೆ ಸುತ್ತಿರೋ ಪೊರೆಗಳೇ ಇದಕ್ಕೂ ಸುತ್ಕೊಂಡು ಕಣ್ಣುಗುಡ್ಡೆ ತನಕ ಬಂದಿವೆ, ಪೊರೆ ಮತ್ತೆ ನರದ ಮಧ್ಯೆ ಅದೇ ಸಿಎಸ್‌ಎಫ್ ನೀರು ಇರತ್ತೆ. ತೋಟದಲ್ಲಿ ಮೋಟ್ರು ಹಾಕಿದಾಗ ನೋಡಿರ್ತೀರ, ಕಬ್ಬಿಣದ ಪೈಪಿನ ತುದಿಗೆ ಮೆತ್ತಗಿನ ಹೋಸ್ ಸಿಗಿಸಿ ಬಾಯಿ ಒತ್ತಿ ಹಿಡಿದ್ರೆ ಕಬ್ಬಿಣದ ಪೈಪು ಹಾಗೇ ಇರತ್ತೆ, ಹೋಸ್ ಉಬ್ಬತ್ತೆ. ಬುರುಡೆ ಕಬ್ಬಿಣದ ಪೈಪು, ಕಣ್ಣಿನ ಹಿಂದಿನ ಈ ಪೊರೆ ಹೋಸು. ಅದ್ರಲ್ಲೂ ಕಣ್ಣುಗುಡ್ಡೆಯಿಂದ ಸುಮಾರು 3 ಮಿಲಿಮೀಟರ್ ಹಿಂದೆ ಪೊರೆ ಎಲ್ಲಕ್ಕಿಂತ ಸಡಿಲ, ಉಬ್ಬೋದಿದ್ರೆ ಮೊದಲು ಅಲ್ಲೇ ಚೆನ್ನಾಗಿ ಉಬ್ಬೋದು, ತಲೆ ಒಳಗೆ ಪ್ರೆಶರ್ ಏರಿದ ಕೆಲವೇ ನಿಮಿಷದಲ್ಲಿ.

ಈ ಸಂಬಂಧವನ್ನ ಗಟ್ಟಿಯಾಗಿ ತೋರಿಸಿದೋರಲ್ಲಿ ನಮ್ಮ ದೇಶದವರೊಬ್ಬರು ಇದ್ದಾರೆ, ಇದನ್ನ ಹೇಳೋಕೆ ನನಗೆ ತುಂಬ ಇಷ್ಟ. ಪಂಜಾಬಿನಲ್ಲಿ ಹುಟ್ಟಿದ ಸೋಹನ್ ಸಿಂಗ್ ಹೈರೆ 1960ರ ದಶಕದಲ್ಲಿ ಲಂಡನ್ನಿನಲ್ಲಿದ್ದಾಗ ಕೋತಿಗಳ ತಲೆ ಒಳಗೆ ಸಣ್ಣ ಬಲೂನಿಟ್ಟು ಮೆಲ್ಲಗೆ ಉಬ್ಬಿಸಿ ಪ್ರೆಶರ್ ಏರಿಸಿದ್ರು, ಕಣ್ಣಿನ ನರದ ತುದಿ ಊದ್ಕೊಳ್ತು, ಆಮೇಲೆ ಒಂದು ಕಡೆಯ ಪೊರೆಯನ್ನ ಕತ್ತರಿಸಿ ತೆರೆದಾಗ ಆ ಕಡೆಯ ಊತ ಇಳೀತು. ತಲೆಯ ಪ್ರೆಶರ್ ಕಣ್ಣಿಗೆ ತಲುಪೋದು ಈ ಪೊರೆಯೊಳಗಿನ ನೀರಿನ ಮೂಲಕಾನೇ ಅಂತ ಅಲ್ಲಿಗೆ ಸ್ಪಷ್ಟ ಆಯ್ತು. ಅಲ್ಟ್ರಾಸೌಂಡಿನಲ್ಲಿ ಇದನ್ನ ನೋಡಬಹುದು ಅಂತ ತೋರಿಸಿದ್ದು 1990ರ ದಶಕದಲ್ಲಿ ಜರ್ಮನಿಯ ಹ್ಯಾನ್ಸೆನ್ ಮತ್ತು ಹೆಲ್ಮ್ಕೆ, ಪೇಷಂಟುಗಳ ಬೆನ್ನಿನ ನೀರಿಗೆ ಇನ್ನಷ್ಟು ದ್ರವ ಬಿಟ್ಟು ಪ್ರೆಶರ್ ಏರಿಸ್ತಾ ಕಣ್ಣಿನ ಹಿಂದೆ ಪೊರೆ ಅಗಲ ಆಗೋದನ್ನ ಆ ಕ್ಷಣದಲ್ಲೇ ಅಳೆದ್ರು.

ಮಾಡೋ ರೀತಿ ಹೀಗೆ. ಪೇಷಂಟ್ ಮಲಗಿರ್ತಾರೆ, ಕಣ್ಣು ಮುಚ್ಚಿರ್ಬೇಕು, ರೆಪ್ಪೆ ಮೇಲೆ ತೆಳ್ಳಗಿನ ಪಾರದರ್ಶಕ ಅಂಟುಪಟ್ಟಿ ಹಾಕಿ ಅದ್ರ ಮೇಲೆ ಧಾರಾಳವಾಗಿ ಜೆಲ್. ನಾವು ರಕ್ತನಾಳ ಹುಡುಕೋಕೆ ಬಳಸೋ ಚಪ್ಪಟೆ ತುದಿಯ ಪ್ರೋಬೇ ಸಾಕು, ಹೊಟ್ಟೆ ನೋಡೋ ಗುಂಡನೆಯ ಪ್ರೋಬ್ ಬೇಡ. ಕಿರುಬೆರಳನ್ನ ಹಣೆಗೋ ಮೂಗಿಗೋ ಊರಿ ಕೈ ನಿಲ್ಲಿಸ್ಕೋಬೇಕು, ಪ್ರೋಬ್ ಜೆಲ್ ಮೇಲೆ ತೇಲ್ಬೇಕು ಅಷ್ಟೇ, ಕಣ್ಣನ್ನ ಒತ್ತಬಾರದು, ಒತ್ತಿದ್ರೆ ಕೆಲವರಿಗೆ ನಾಡಿ ದಿಢೀರ್ ಇಳಿಯತ್ತೆ. ಕಣ್ಣುಗುಡ್ಡೆಯೇ ಒಡೆದಿರಬಹುದು ಅನ್ನೋ ಅನುಮಾನ ಇದ್ರೆ ಪ್ರೋಬ್ ಇಡೋದೇ ಬೇಡ, ಅಪಘಾತದ ಕೇಸಲ್ಲಿ ಇದನ್ನ ಮೊದಲು ನೋಡ್ಕೊಂಡೇ ಮುಂದಕ್ಕೆ ಹೋಗ್ಬೇಕು. ಮಷೀನಿನಲ್ಲಿ ಕಣ್ಣಿಗೆ ಅಂತಾನೇ ಇರೋ ಸೆಟ್ಟಿಂಗ್ ಆರಿಸ್ಕೋಬೇಕು, ಬೇರೆ ಸೆಟ್ಟಿಂಗುಗಳಲ್ಲಿ ಶಬ್ದದ ಪವರ್ ಜಾಸ್ತಿ, ಕಣ್ಣಿನ ಮಸೂರದಲ್ಲಿ ರಕ್ತ ಓಡಾಟ ಇಲ್ಲ, ಬಿಸಿಯಾದ್ರೆ ಆ ಬಿಸಿಯನ್ನ ಹೊತ್ಕೊಂಡು ಹೋಗೋಕೆ ಏನೂ ಇಲ್ಲ. ಶಬ್ದದ ಅಲೆ ಎಷ್ಟು ಜೋರಾಗಿದೆ ಅಂತ ತಿಳಿಸೋ ಮೆಕ್ಯಾನಿಕಲ್ ಇಂಡೆಕ್ಸ್ ಅನ್ನೋ ನಂಬರ್ ಕಣ್ಣಿಗೆ 0.23 ದಾಟಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಿತಿ ಹಾಕಿದೆ, ಆ ನಂಬರ್ ಸ್ಕ್ರೀನಲ್ಲೇ ಕಾಣತ್ತೆ, ಒಂದು ಸಲ ಕಣ್ಣಾಡಿಸಿದ್ರೆ ಆಯ್ತು.

ಸ್ಕ್ರೀನಲ್ಲಿ ಕಣ್ಣುಗುಡ್ಡೆ ಕಪ್ಪು ಗುಂಡಾಗಿ ಕಾಣತ್ತೆ, ಅದರ ಹಿಂದೆ ಹಣ್ಣಿಗೆ ತೊಟ್ಟು ಇದ್ದ ಹಾಗೆ ಒಂದು ಕಪ್ಪು ಪಟ್ಟಿ ಇಳ್ಕೊಂಡು ಹೋಗತ್ತೆ, ಅದೇ ನರ, ಅದರ ಎರಡೂ ಕಡೆ ಪೊರೆ. ಕಣ್ಣಿನ ಹಿಂಬದಿ ಗೆರೆಯಿಂದ ಕೆಳಕ್ಕೆ 3 ಮಿಲಿಮೀಟರ್ ಗುರುತು ಹಾಕಿ ಆ ಜಾಗದಲ್ಲಿ ಅಡ್ಡಡ್ಡ ಅಳೆಯೋದು. ಒಂದು ಕಣ್ಣಿಗೆ ಎರಡು ದಿಕ್ಕಲ್ಲಿ ಅಳೆದು, ಇನ್ನೊಂದು ಕಣ್ಣಿಗೂ ಹಾಗೇ ಮಾಡಿ ಸರಾಸರಿ ತೆಗೀತೀವಿ. ಅಭ್ಯಾಸ ಇರೋರಿಗೆ ಐದು ನಿಮಿಷದ ಕೆಲಸ, ನೋವಿಲ್ಲ, ಎಕ್ಸ್‌ರೇ ಕಿರಣ ಇಲ್ಲ, ಪೇಷಂಟನ್ನ ಹಾಸಿಗೆಯಿಂದ ಅಲ್ಲಾಡಿಸೋದೂ ಬೇಡ, ಬೇಕಾದ್ರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಬಹುದು.

ಈಗ ನಂಬರಿಗೆ ಬರೋಣ, ಗೊಂದಲ ಜಾಸ್ತಿ ಇರೋದು ಇಲ್ಲೇ. ದೊಡ್ಡವರಲ್ಲಿ 5 ಮಿಲಿಮೀಟರ್ ದಾಟಿದ್ರೆ ಅನುಮಾನ ಪಡಿ ಅಂತ ಹಳೇ ಪಾಠ, ಒಂದು ವರ್ಷದ ಮೇಲಿನ ಮಕ್ಕಳಿಗೆ 4.5, ಅದಕ್ಕಿಂತ ಎಳೇ ಮಕ್ಕಳಿಗೆ 4. ಆದ್ರೆ ಬೇರೆ ಬೇರೆ ಅಧ್ಯಯನಗಳಲ್ಲಿ ದೊಡ್ಡವರ ಗಡಿ 4.8ರಿಂದ ಹಿಡಿದು ಹತ್ರ ಹತ್ರ 6ರ ತನಕ ಓಡಾಡತ್ತೆ. ಇದಕ್ಕೆ ಒಂದು ಮುಖ್ಯ ಕಾರಣ, ಕೆಲವರು ಪೊರೆಯ ಒಳಗಿನ ಅಂಚಿಂದ ಅಳೀತಾರೆ, ಕೆಲವರು ಹೊರಗಿನ ಅಂಚಿಂದ. ಜನರಲ್ಲೂ ವ್ಯತ್ಯಾಸ ಇದೆ, ಬಾಂಗ್ಲಾದೇಶದಲ್ಲಿ ಆರೋಗ್ಯವಂತರನ್ನ ಅಳೆದಾಗ ಸಾಮಾನ್ಯ ಅಳತೆ 4.4ರ ಆಸುಪಾಸಲ್ಲಿ ಸಿಕ್ಕಿತ್ತು. ನಾವು ಮಾತಾಡ್ತಾ ಇರೋದು ಅರ್ಧ ಮಿಲಿಮೀಟರಿನ ವ್ಯತ್ಯಾಸದ ಬಗ್ಗೆ ಅನ್ನೋದು ನೆನಪಿರಲಿ, ಕೈ ಸ್ವಲ್ಪ ಓರೆಯಾದ್ರೆ ಸಾಕು, ಕಣ್ಣಿನ ನೆರಳನ್ನೇ ಪೊರೆ ಅಂದ್ಕೊಂಡು ಅಳೆದ್ರೆ ಸಾಕು, ಅಷ್ಟು ತಪ್ಪು ಆಗ್ಬಿಡತ್ತೆ.

ಹಾಗಂತ ಸುಮ್ಮನೆ ತಳ್ಳಿ ಹಾಕೋ ಪರೀಕ್ಷೆ ಅಲ್ಲ ಇದು. ಬುರುಡೆಗೆ ತೂತು ಹಾಕಿ ನೇರವಾಗಿ ಅಳೆದ ಪ್ರೆಶರಿನ ಜೊತೆ ಇದನ್ನ ಹೋಲಿಸಿದ ಹಲವು ಅಧ್ಯಯನಗಳನ್ನ 2011ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಪ್ರೆಶರ್ ನಿಜವಾಗ್ಲೂ ಜಾಸ್ತಿ ಇದ್ದ 100 ಜನರಲ್ಲಿ ಸುಮಾರು 90 ಜನರನ್ನ ಇದು ಹಿಡಿದಿತ್ತು, ಪ್ರೆಶರ್ ಸರಿ ಇದ್ದ 100 ಜನರಲ್ಲಿ ಸುಮಾರು 85 ಜನರಿಗೆ ಸರಿ ಇದೆ ಅಂತಾನೇ ಹೇಳಿತ್ತು. ಒಳ್ಳೇ ಫಲಿತಾಂಶ, ಆದ್ರೆ ಹತ್ತರಲ್ಲಿ ಒಬ್ಬರು ತಪ್ಪಿಸ್ಕೊಂಡ್ರು ಅಂತಾನೂ ಆಯ್ತಲ್ಲ. ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ ಇದು "ಪ್ರೆಶರ್ 27 ಇದೆ" ಅಂತ ಹೇಳೋ ಮೀಟರ್ ಅಂತ ಯಾವತ್ತೂ ಅಂದ್ಕೋಬಾರದು, ಮಿಲಿಮೀಟರ್ ನೋಡಿ ಪ್ರೆಶರಿನ ನಂಬರ್ ಹೇಳೋಕೆ ಬರಲ್ಲ. "ಜಾಸ್ತಿ ಇರಬಹುದು, ಹುಷಾರಾಗು" ಅಂತ ಹೇಳತ್ತೆ, ಅಥವಾ "ಸದ್ಯಕ್ಕೆ ಅಂಥಾದ್ದು ಕಾಣ್ತಿಲ್ಲ" ಅಂತ ಹೇಳತ್ತೆ. ಒಬ್ಬರದ್ದೇ ಕಣ್ಣನ್ನ ಒಬ್ಬರೇ ಡಾಕ್ಟ್ರು ಒಂದೇ ರೀತಿ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅಳೆದು, ಬೆಳಿಗ್ಗೆ 4.6 ಇದ್ದಿದ್ದು ರಾತ್ರಿ 5.7 ಆಗಿದೆ ಅಂದ್ರೆ ಆ ಏರಿಕೆಗೆ ತುಂಬ ಬೆಲೆ ಇದೆ. ನಂಬರ್ ಚೆನ್ನಾಗಿದ್ದು ಪೇಷಂಟ್ ಚೆನ್ನಾಗಿಲ್ಲ ಅಂದ್ರೆ ನಾನು ಪೇಷಂಟನ್ನ ನಂಬ್ತೀನಿ, ಸಿಟಿಗೆ ಕಳಿಸ್ತೀನಿ.

ಇನ್ನೊಂದು ಮಾತು. ಪೊರೆ ಉಬ್ಬಿದಷ್ಟು ಬೇಗ ಇಳಿಯಲ್ಲ, ತುಂಬ ಹೊತ್ತು ಹಿಗ್ಗಿದ ಬಟ್ಟೆಯ ಎಲಾಸ್ಟಿಕ್ ಥರ ಸಡಿಲ ಬಿದ್ಬಿಡಬಹುದು. ಹಾಗಾಗಿ ತಲೆ ಒಳಗಿನ ಪ್ರೆಶರ್ ಇಳಿಸೋ ಮನ್ನಿಟಾಲ್ ಅನ್ನೋ ಔಷಧಿ ಕೊಟ್ಟು, ತಲೆ ಕಡೆ ಹಾಸಿಗೆಯನ್ನ 30 ಡಿಗ್ರಿ ಎತ್ತಿ, ಪ್ರೆಶರ್ ಇಳಿದಿದ್ರೂ ಅಳತೆ ಅಗಲವಾಗೇ ಕಾಣೋದುಂಟು. ಬುರುಡೆಯ ಒಂದು ಭಾಗ ತೆಗೆದು, ಮೂಳೆಯನ್ನ ಹೊಟ್ಟೆ ಚರ್ಮದ ಕೆಳಗೆ ಜೋಪಾನವಾಗಿ ಇಟ್ಟಿರ್ತಾರಲ್ಲ, ಅಂಥಾ ಆಪರೇಷನ್ ಆದವರಲ್ಲಿ ಈ ಅಳತೆಯನ್ನ ಓದೋವಾಗ ಇನ್ನೂ ಎಚ್ಚರ ಬೇಕು.

ಅಪಘಾತ ಬಿಟ್ಟು ಬೇರೆ ಕಡೆನೂ ಇದು ಕೆಲಸಕ್ಕೆ ಬರತ್ತೆ. ವಯಸ್ಸಿನ್ನೂ ಚಿಕ್ಕದು, ತೂಕ ಸ್ವಲ್ಪ ಜಾಸ್ತಿ, ದಿನಾ ತಲೆನೋವು, ಕಿವಿಯಲ್ಲಿ ನಾಡಿ ಜೊತೆ ಭುಸ್ ಭುಸ್ ಅನ್ನೋ ಸದ್ದು, ಬಗ್ಗಿ ಎದ್ದಾಗ ಕಣ್ಣು ಒಂದೆರಡು ಸೆಕೆಂಡ್ ಕತ್ತಲೆ, ಇಂಥಾ ಹೆಣ್ಣುಮಕ್ಕಳಲ್ಲಿ ಗಡ್ಡೆ ಏನೂ ಇಲ್ಲದೇ ತಲೆಯ ಪ್ರೆಶರ್ ಜಾಸ್ತಿ ಇರೋ ಒಂದು ಕಾಯಿಲೆ ಇದೆ, ಮೈಗ್ರೇನು ಅಂದ್ಕೊಂಡು ವರ್ಷಗಟ್ಲೆ ಮಾತ್ರೆ ನುಂಗ್ತಾ ಇರ್ತಾರೆ, ಚಿಕಿತ್ಸೆ ಮಾಡದೇ ಬಿಟ್ರೆ ದೃಷ್ಟಿ ಹೋಗಬಹುದು, ದಯವಿಟ್ಟು ಇದನ್ನ ಕಡೆಗಣಿಸಬೇಡಿ. ಅಲ್ಲಿ ಕಣ್ಣಿನ ಡಾಕ್ಟ್ರಿಗೆ ಇದೇ ಸ್ಕ್ಯಾನು ಇನ್ನೊಂದು ಉಪಕಾರ ಮಾಡತ್ತೆ, ಕೆಲವರಿಗೆ ನರದ ತುದಿಯಲ್ಲಿ ಸುಣ್ಣದಂಥ ಸಣ್ಣ ಹರಳು ಸೇರ್ಕೊಂಡು ಊತದ ಥರಾನೇ ಕಾಣ್ತಿರತ್ತೆ, ಅಲ್ಟ್ರಾಸೌಂಡಿನಲ್ಲಿ ಆ ಹರಳು ಫಳಫಳ ಹೊಳೆಯತ್ತೆ, ಪೊರೆ ಅಗಲ ಆಗಿರಲ್ಲ, ಪಾಪ ಸುಮ್ಮನೆ ಬೆನ್ನಿಗೆ ಸೂಜಿ ಚುಚ್ಚಿಸ್ಕೊಳ್ಳೋದು ತಪ್ಪಬಹುದು. ಬಾಹ್ಯಾಕಾಶದಲ್ಲೂ ಇದನ್ನ ಮಾಡ್ತಾರೆ, ತಿಂಗಳುಗಟ್ಲೆ ಮೇಲಿದ್ದ ಗಗನಯಾತ್ರಿಗಳಲ್ಲಿ ಕೆಲವರಿಗೆ ಕಣ್ಣಿನ ಹಿಂಬದಿ ಚಪ್ಪಟೆಯಾಗಿ ನರದ ತುದಿ ಊದಿದ್ದು 2011ರಲ್ಲಿ ವರದಿ ಆಯ್ತು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯಿಂದ ಹೇಳಿಕೊಟ್ಟ ಹಾಗೆ ಗಗನಯಾತ್ರಿಗಳೇ ಪ್ರೋಬ್ ಹಿಡಿದು ಕಣ್ಣು ಸ್ಕ್ಯಾನ್ ಮಾಡ್ತಾರೆ.

ಅಲ್ಲಿ ಮೇಲೆ ಸಾಧ್ಯ ಆಗೋದು ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಯಾಕೆ ಕಷ್ಟ ಅನ್ನೋದನ್ನೂ ಹೇಳ್ಲೇಬೇಕು. ತಲೆಗೆ ಏಟಾದ ಕೇಸು ರಾಜ್ಯದ ಮೂಲೆಮೂಲೆಯಿಂದ ಬೆಂಗಳೂರಿನ ನಿಮ್ಹಾನ್ಸ್ ತನಕ ಆಂಬುಲೆನ್ಸಿನಲ್ಲಿ ಬರ್ತಾವೆ, ಕೆಲವಕ್ಕೆ ಇಡೀ ರಾತ್ರಿಯ ದಾರಿ. ಹೊರಡೋ ಮುಂಚೆ ಈ ಪೇಷಂಟಿನ ಪ್ರೆಶರ್ ಏರ್ತಾ ಇದೆಯಾ, ಮನ್ನಿಟಾಲ್ ಹಾಕಿ ಕಳಿಸ್ಬೇಕಾ ಅನ್ನೋ ಅಂದಾಜು ಸಿಕ್ರೆ ಎಷ್ಟೋ ಉಪಯೋಗ. ಆದ್ರೆ ಗರ್ಭ ನೋಡೋಕೆ ಬಳಸಬಹುದಾದ ಯಾವುದೇ ಸ್ಕ್ಯಾನಿಂಗ್ ಮಷೀನು 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಅಡಿ ನೋಂದಣಿ ಆಗಿರ್ಬೇಕು, ಅದನ್ನ ಬೇಕಾದ ಕಡೆ ಹೊತ್ಕೊಂಡು ಹೋಗೋ ಹಾಗಿಲ್ಲ, ಆಂಬುಲೆನ್ಸಿಗೆ ಹಾಕ್ಕೊಂಡು ಹೊರಡೋದು ದೂರದ ಮಾತು. ಕಾಯ್ದೆ ಯಾಕೆ ಇಷ್ಟು ಬಿಗಿ ಅಂತ ನನಗೆ ಕೇಳ್ಬೇಡಿ, 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಕೊಂಡು ನಡೆಸ್ತಿದ್ದ ಭ್ರೂಣಹತ್ಯೆ ಜಾಲ ಸಿಕ್ಕಿಬಿದ್ದಿದ್ದು ಎಲ್ಲರಿಗೂ ನೆನಪಿದೆ, ಕಾಯ್ದೆ ಸಡಿಲ ಮಾಡಿ ಅಂತ ನಾನು ಯಾವತ್ತೂ ಹೇಳಲ್ಲ. ಐಸಿಯು ಒಳಗೆ, ಎಮರ್ಜೆನ್ಸಿ ವಾರ್ಡ್ ಒಳಗೆ ನೋಂದಣಿ ಆಗಿರೋ ಮಷೀನು ಎಷ್ಟೋ ಕಡೆ ಆಗ್ಲೇ ಇದೆ, ಹೃದಯ ನೋಡೋಕೆ, ಹೊಟ್ಟೆಯಲ್ಲಿ ರಕ್ತ ಇದೆಯಾ ನೋಡೋಕೆ ದಿನಾ ಬಳಸ್ತಾರೆ. ಅದೇ ಮಷೀನಲ್ಲಿ ಕಣ್ಣು ನೋಡೋ ಕೈ ತಯಾರಾಗ್ಬೇಕಿದೆ ಅಷ್ಟೇ.

ಕಲಿಯೋದು ಅಷ್ಟೇನೂ ಕಷ್ಟ ಇಲ್ಲ. ಹೊಸಬರಿಗೆ ಸುಮಾರು 25 ಸ್ಕ್ಯಾನ್, ಬೇರೆ ಅಲ್ಟ್ರಾಸೌಂಡ್ ಅಭ್ಯಾಸ ಇರೋರಿಗೆ ಸುಮಾರು 10 ಸಾಕಾಗಬಹುದು ಅಂತ ಸಾಮಾನ್ಯವಾಗಿ ಹೇಳ್ತಾರೆ. ನಮ್ಮ ಪಿಜಿ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನ ಪೇಷಂಟ್ ಹತ್ರ ಬಿಡಲ್ಲ, ಡ್ಯೂಟಿ ರೂಮಲ್ಲಿ ಒಬ್ಬರು ಮಲ್ಕೊಳ್ತಾರೆ, ಇನ್ನೊಬ್ಬರು ಜೆಲ್ ಹಾಕಿ ಅಳೀತಾರೆ, ಮೂರನೆಯವರು ಮೊದಲ ನಂಬರ್ ನೋಡದೇ ಅದೇ ಕಣ್ಣನ್ನ ಮತ್ತೆ ಅಳೀಬೇಕು. ಮೊದಮೊದಲು ಒಬ್ಬರಿಗೆ 4.2 ಬಂದ್ರೆ ಇನ್ನೊಬ್ಬರಿಗೆ 5.1 ಬರತ್ತೆ. ಇಬ್ಬರ ಅಳತೆ 0.3ರ ಒಳಗೆ ಬರೋ ತನಕ ಬಿಡದೇ ಮಾಡಿಸ್ತೀನಿ, ಆಮೇಲೆ ಒಳಗೆ ಕರ್ಕೊಂಡು ಹೋಗ್ತೀನಿ.